ಕೇಳಿ ಹೋಗುವ ದಾರಿ

(ಕಾರ್ತಿಕ ಕಳೆದು ಲಗ್ನದ ದಿನಗಳು ಬಂದಿವೆ. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಮನೆಯಿಂದ ಇಬ್ಬರು ಲಗ್ನಪತ್ರಿಕೆ ಹಂಚಲು ಹೊರಟಿದ್ದಾರೆ. ಒಬ್ಬರು ಮೂವತ್ತು ವರ್ಷ ಬಸ್ಸು ನಡೆಸಿ ನಿವೃತ್ತರಾದ ದೊಡ್ಡಪ್ಪ. ಕಾರಿನ ಸ್ಟೇರಿಂಗ್ ಹಿಡಿದವಳು ಅವರ ತಮ್ಮನ ಮಗಳು, ಬೆಂಗಳೂರಿನಲ್ಲಿ ಕೆಲಸ. ಮೊದಲು ದೇವದುರ್ಗ ತಾಲ್ಲೂಕಿನಲ್ಲಿ ಅವಳ ಅತ್ತೆ ಇರುವ ಒಂದು ದೊಡ್ಡಿ, ಆಮೇಲೆ ದೇವದುರ್ಗ ಪಟ್ಟಣ, ಸಿರವಾರದ ಮೇಲೆ ಮಾನ್ವಿ, ರಾತ್ರಿಗೆ ಮರಳಿ ರಾಯಚೂರು. ಹಿಂದಿನ ರಾತ್ರಿ ಅಕಾಲದ ಮಳೆ ಬಿದ್ದಿದೆ.)

ದೊಡ್ಡಪ್ಪ: ಪತ್ರಿಕಿ ಚೀಲ ಬಂತು, ನೀರಿನ ಬಾಟ್ಲಿ ಬಂತು. ಇನ್ನ ಆ ಮೊಬೈಲಿನಾಗ ಏನ್ ಹುಡುಕಾಕತ್ತಿ ಮಗಳ?

ಮಗಳು: ಹುಡುಕಾಕತ್ತಿಲ್ರಿ ದೊಡ್ಡಪ್ಪ, ನಕ್ಷೆ ಇಳಿಸಿಕೊಳ್ಳಾಕತ್ತೀನಿ. ಮೂರೂ ತಾಲ್ಲೂಕಿನ ದಾರಿ ಫೋನಿನ ಒಳಗ ಇದ್ರ ಹೊಲದ ನಡುವ ನೆಟ್‌ವರ್ಕ್ ಹೋದ್ರೂ ಚಿಂತಿ ಇಲ್ಲ.

ದೊಡ್ಡಪ್ಪ: ದಾರಿ ಫೋನಿನಾಗ ಇರ್ತೈತಿ, ಖರೆ. ನೆಟ್‌ವರ್ಕ್ ಇಲ್ಲದಾಗ ನಾವು ಎಲ್ಲಿ ಅದೀವಿ ಅಂತ ಅದಕ್ಕ ಹೇಳೋರು ಯಾರು?

ಮಗಳು: ಮ್ಯಾಲಿನವು ಹೇಳ್ತಾವ್ರಿ. ಸುಮಾರು 20,200 ಕಿಲೋಮೀಟರ್ ಎತ್ತರದಾಗ ಜಿಪಿಎಸ್ ಉಪಗ್ರಹ ತಿರುಗ್ತಾವ. ಅವು 24ಕ್ಕ ಕಡಿಮಿ ಆಗದಂಗ ಅಮೆರಿಕದೋರು ನೋಡ್ಕೊಂತಾರ. ನಮ್ಮ ಇಸ್ರೊ ಸೈತ 2013ರಿಂದ 2016ರ ತನಕ ಏಳು ಉಪಗ್ರಹ ಹಾರಿಸಿತು. ಆ ವ್ಯವಸ್ಥಾಕ್ಕ ನಾವಿಕ್ ಅಂತ ಹೆಸರು.

ದೊಡ್ಡಪ್ಪ: ಅಂದ್ರ ಅವು ಮ್ಯಾಲಿಂದ ನಮ್ಮ ಕಾರು ನೋಡ್ತಿರ್ತಾವು.

ಮಗಳು: ನೋಡೂದಿಲ್ರಿ. ನಾವು ಇದ್ದೀವಿ ಅನ್ನೋದ ಅವಕ್ಕ ಗೊತ್ತಿಲ್ಲ. ‘ನಾನು ಇಂಥಲ್ಲಿ ಅದೀನಿ, ಈಗ ಟೈಮ್ ಇಷ್ಟು’ ಅಂತ ಒಂದೇ ಸಮ ಡಂಗುರ ಹೊಡಿತಿರ್ತಾವ, ಅಷ್ಟ. ಆ ಮಾತು ಬಂದು ಮುಟ್ಟಾಕ ಎಷ್ಟು ಹೊತ್ತು ಹಿಡೀತು ಅನ್ನೋದರ ಮ್ಯಾಲ ಫೋನು ದೂರ ಲೆಕ್ಕ ಹಾಕ್ತೈತಿ. ನಾಲ್ಕು ಉಪಗ್ರಹದ ಮಾತು ಕಿವಿಗಿ ಬಿದ್ರ ನಾವು ನಿಂತ ಜಾಗ ಸಿಕ್ಕಂಗ.

ದೊಡ್ಡಪ್ಪ: ಇದು ನನಗ ತಿಳೀತು ನೋಡು. ಬಸ್ಸು ಬಿಟ್ಟ ಟೈಮು, ಮುಟ್ಟಿದ ಟೈಮು ಕೇಳಿದ್ರ ಸಾಕು, ಕಂಟ್ರೋಲರ್ ನಮ್ಮ ಗಾಡಿ ಎಲ್ಲೆಲ್ಲಿ ನಿಂತಿತ್ತು ಅಂತ ಕುಂತಲ್ಲೇ ಹೇಳ್ತಿದ್ದ. ಗಡಿಯಾರ ಖರೆ ಇದ್ರ ದೂರ ಖರೆ.

ಮಗಳು: ಹಂಗ ಐತ್ರಿ. ಸೆಕೆಂಡಿನಾಗ ಹತ್ತು ಲಕ್ಷದಾಗಿನ ಒಂದು ಪಾಲು ತಪ್ಪಿದ್ರ 300 ಮೀಟರ್ ತಪ್ಪಿದಂಗ. ಅದಕ್ಕ ಆ ಉಪಗ್ರಹದಾಗ ಪರಮಾಣು ಗಡಿಯಾರ ಇಟ್ಟಾರ. ಮೊದಲು ಅಮೆರಿಕ ಸರಕಾರ ಮಂದಿಗೆ ಸಿಗೋ ಸಿಗ್ನಲ್ಲನ್ನ ಬೇಕಂತಲೇ ಮಬ್ಬು ಮಾಡಿ ಬಿಡ್ತಿತ್ತು. 2000ರ ಮೇ 2ಕ್ಕ ಅದನ್ನ ನಿಲ್ಲಿಸಿತು. ಈಗ ನಮ್ಮಂಥ ಬಯಲುಸೀಮ್ಯಾಗ ಫೋನು ಹೆಚ್ಚುಕಡಿಮಿ 5 ಮೀಟರಿನೊಳಗ ಜಾಗ ತೋರಸ್ತೈತಿ.

ದೊಡ್ಡಪ್ಪ: ದೊಡ್ಡ ವಿದ್ಯಾ ಬಿಡು. ನಾವು ನಿಂತ ಜಾಗ ಹೇಳಿತು. ಮುಂದಿನ ಜಾಗ ಇವತ್ತು ಹೆಂಗೈತಿ ಅನ್ನೋದು?

ಮಗಳು: ಅದು ಬ್ಯಾರೆ ಪ್ರಶ್ನಿ. ಹೋಗ್ತಾ ನೋಡಾಮ್ರಿ.

(ಕಾರು ಕೋಟೆಯ ಗೋಡೆ ದಾಟುತ್ತದೆ.)

ದೊಡ್ಡಪ್ಪ: ಒಂದೀಟು ಸಾವಕಾಶ. ಆ ಗೋಡ್ಯಾಗ ಒಂದು ಕಲ್ಲು ಐತಿ, ನಲವತ್ತು ಅಡಿಗಿಂತ ಉದ್ದ. ಮ್ಯಾಲ ಕಾಕತೀಯರ ಕಾಲದ ಶಾಸನ, 1294ರದು. ಗೋರೆ ಗಂಗಯ್ಯ ರುದ್ದಿವಾರು ಈ ಕೋಟಿ ಕಟ್ಟಿಸಿದ ಅಂತ ಬರದೈತಿ.

ಮಗಳು: ಶಾಲಿಯಿಂದ ಕರಕೊಂಡು ಬಂದು ತೋರಿಸಿದ್ರು. ಅಕ್ಷರಕ್ಕಿಂತ ಬಾಜೂ ಕೆತ್ತಿದ ಚಿತ್ರ ನನಗ ನೆನಪೈತಿ. ಗಾಡಿ ಮ್ಯಾಲ ಅದೇ ಕಲ್ಲು, ಮುಂದ ಸಾಲುಗಟ್ಟಿ ಕೋಣ, ಹಿಂದ ಗಾಲಿಗೆ ಸನ್ನೆಗೋಲು ಹಾಕಿ ಎಬ್ಬಸೋ ಮಂದಿ.

ದೊಡ್ಡಪ್ಪ: ನಾನು ಆ ಚಿತ್ರದ ಸಲುವಾಗೇ ನಿಲ್ಲತೀನಿ. ಕಟ್ಟಿಸಿದವನ ಹೆಸರು ಎಲ್ಲಾ ಕಡಿ ಬರೀತಾರ. ಕಲ್ಲು ಹೆಂಗ ಬಂತು, ದಾರಿಯಾಗ ಎಷ್ಟು ಬೆವರು ಬಿತ್ತು ಅನ್ನೋದನ್ನ ಇಲ್ಲಿ ಬರದಾರ. ದಾರಿ ಅಂದ್ರ ನನಗ ಅದು. ಗೀಟು ಒಂದೇ ಅಲ್ಲ, ಗೀಟಿನ ಮ್ಯಾಲ ಗಾಡಿ ಹೆಂಗ ನಡೀತು ಅನ್ನೋದು.

(ಲಿಂಗಸುಗೂರು ರಸ್ತೆ. ಕಲ್ಮಲಾ ಬಂತು. ಇಲ್ಲಿಂದ ತಿಂಥಣಿ ಬ್ರಿಡ್ಜ್ ಕಡೆಯ ರಾಜ್ಯ ಹೆದ್ದಾರಿ ಗಬ್ಬೂರು, ದೇವದುರ್ಗ, ಜಾಲಹಳ್ಳಿಯ ಮೇಲೆ ಹೋಗುತ್ತದೆ.)

ದೊಡ್ಡಪ್ಪ: ಬಲಕ್ಕ ಹೊಳ್ಳು. ಓ, ಅದೂ ಬಲಕ್ಕ ಅಂತು. ಇಷ್ಟು ರಸ್ತಾದಾಗ ಇದೇ ಹತ್ತರದ್ದು ಅಂತ ಅದು ಹೆಂಗ ಆರಿಸ್ತೈತಿ?

ಮಗಳು: ಹಾಲೆಂಡಿನ ಡೈಕ್‌ಸ್ಟ್ರಾ ಅನ್ನೋ ಗಣಿತದೋರು 1956ರಾಗ ಒಂದು ಉಪಾಯ ಕಂಡುಹಿಡಿದ್ರು, 1959ರಾಗ ಅಚ್ಚಾತು. ಇವತ್ತಿನ ದಾರಿ ಲೆಕ್ಕದ ಬೇರು ಅದೇ. ನಮ್ಮ ಮಾತಿನಾಗ ಹೇಳ್ತೀನಿ ಕೇಳ್ರಿ. ಎಲ್ಲಾ ರಸ್ತಾನೂ ಕಾಲುವಿ ಅಂತ ತಿಳೀರಿ. ರಾಯಚೂರಿನಾಗ ತೂಬು ಎತ್ತಿದ್ವಿ. ನೀರು ಎಲ್ಲಾ ಕಾಲುವ್ಯಾಗೂ ಒಂದೇ ವೇಗಕ್ಕ ಓಡ್ತು. ದೇವದುರ್ಗಕ್ಕ ಮೊದಲ ಹನಿ ಯಾವ ಕಾಲುವಿ ಹಿಡಿದು ಮುಟ್ಟಿತೋ ಅದೇ ಹತ್ತರದ ದಾರಿ.

ದೊಡ್ಡಪ್ಪ: ಭೇಷ್. ಆದ್ರ ಕಾಲುವಿ ನೀರಿನ ಲೆಕ್ಕ ನಮ್ಮ ರೈತರಿಗೆ ಕೇಳು. ಮ್ಯಾಲಿನವರು ತೂಬು ಎತ್ತಿದ್ರ ಕೆಳಗಿನ ಹೊಲಕ್ಕ ನೀರು ಮುಟ್ಟೂದಿಲ್ಲ. ನಡುವ ಏನ್ ನಡದೈತಿ ಅಂತ ತಿಳಿದೋನು ಬೇಕು.

ಮಗಳು: ಅದಕ್ಕೂ ಒಂದು ಯುಕ್ತಿ ಮಾಡ್ಯಾರ. ರಸ್ತಾದಾಗ ಹೋಗೋ ಫೋನುಗಳು ಎಷ್ಟು ಜೋರು ಹೊಂಟಾವ ಅನ್ನೋದನ್ನ ಕೂಡಿಸ್ತಾರ. ಎಲ್ಲಾ ಒಮ್ಮೆಲೆ ನಿಧಾನ ಆದ್ರ ಅಲ್ಲಿ ಗದ್ದಲ ಅಂತ ಕೆಂಪು ಬಣ್ಣ.

ದೊಡ್ಡಪ್ಪ: ಬೆಂಗಳೂರಿಗೆ ಅದು ಚಂದ. ಅಲ್ನೋಡು, ಮುಂದ ನಾಲ್ಕು ಟ್ರ್ಯಾಕ್ಟರ್, ಹತ್ತಿ ತುಂಬಿ ರಾಯಚೂರು ಗಂಜಿಗೆ ಬರಾಕತ್ತಾವ. ಅರ್ಧ ರಸ್ತಾ ಹತ್ತೀದೇ ಆಗೈತಿ. ಅದರ ಮ್ಯಾಲ ಕೆಂಪು ಬಂತೇನು?

ಮಗಳು: ಇಲ್ರಿ. ನೀಲಿ ಐತಿ. ಮಂದಿ ಕಡಿಮಿ ಹಾಯೋ ರಸ್ತಾದಾಗ ಫೋನೂ ಕಡಿಮಿ. ಸುದ್ದಿ ಬರೂದಿಲ್ಲ. ಸುದ್ದಿ ಇಲ್ಲದ್ದನ್ನ ನಾವು ರಸ್ತಾ ಸಾಫ್ ಐತಿ ಅಂತ ಓದಿಕೊಂತೀವಿ. ನಗರದಾಗ ಬೆಳದ ಕಣ್ಣು ಹಳ್ಳಿ ರಸ್ತಾದಾಗ ಮಾಡೋ ತಪ್ಪು ಇದು.

ದೊಡ್ಡಪ್ಪ: ಈ ಮಾತು ಗಟ್ಟಿ ಹಿಡಿ.

(ಗಬ್ಬೂರು. ಹಳೆಯ ಗುಡಿಗಳ ಊರು ಹಿಂದೆ ಸರಿಯಿತು. ಫೋನಿನ ದನಿ ಮುಂದಿನ ಊರಿನ ಹೆಸರನ್ನು ಗುರುತು ಸಿಗದಂತೆ ಉಚ್ಚರಿಸಿತು.)

ದೊಡ್ಡಪ್ಪ: ಏನಂತು ಅದು? ಯಾವ ಊರು?

ಮಗಳು: ಈ ಗೂಗಲ್ ಮ್ಯಾಪು ಕನ್ನಡದಾಗ ದಾರಿ ಹೇಳೋದು 2018ರಿಂದ ಶುರುವಾತು. 2021ರಾಗ ಹೆಸರುಗಳನ್ನೂ ನಮ್ಮ ಲಿಪಿಗೆ ತಂದ್ರು. ಆದ್ರ ಬಾಳಷ್ಟು ಹೆಸರು ಇಂಗ್ಲಿಷ್ ಅಕ್ಷರದಿಂದ ಮಷೀನು ತಿರುಗಿಸಿದ್ದು. ಇಂಗ್ಲಿಷಿನಾಗ ತ-ಟ ಒಂದೇ, ಲ-ಳ ಒಂದೇ, ದೀರ್ಘ ಇಲ್ಲ. ತಿಂಥಣಿ, ಹೂವಿನಹೆಡಗಿ ಅಂಥ ಹೆಸರು ಒಮ್ಮೆ ಇಂಗ್ಲಿಷಿಗೆ ಹೋಗಿ ಮರಳಿ ಬಂದ್ರ ಹುಟ್ಟಿದ ಊರಿಗೇ ಗುರುತು ಹತ್ತೂದಿಲ್ಲ. ಮಾನ್ವಿಯನ್ನ ನಾವ ಎರಡು ತರ ಬರೀತೀವಿ, ಕೆಲವು ಕಡಿ ಮಾನವಿ, ಬಾಯಾಗ ಮಾನ್ವಿ.

ದೊಡ್ಡಪ್ಪ: ಒಂದೇ ಹೆಸರಿನ ಎರಡು ಊರಿನ ಕಥಿ?

ಮಗಳು: ಬೆಂಗಳೂರಿನಾಗ ಕುಂತು ಜಾಲಹಳ್ಳಿ ಅಂತ ಹಾಕಿದ್ರ ಅಲ್ಲಿನ ಜಾಲಹಳ್ಳಿ ಮುಂದ ಬರ್ತೈತಿ. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿ ಬೇಕಂದ್ರ ತಾಲ್ಲೂಕು, ಜಿಲ್ಲಾ ಕೂಡಿಸಿ ಬರೀಬೇಕು. ಹೊರಡೂಕ್ಕಿಂತ ಮೊದಲು ಇಡೀ ದಾರಿ ಒಮ್ಮೆ ಹಿಗ್ಗಿಸಿ ನೋಡಬೇಕು, ನಡುವ ಯಾವ ಊರು ಬರ್ತಾವ ಅಂತ. ಕೇಳಿದ ಹೆಸರು ಬಂದ್ರ ದಾರಿ ಖರೆ.

ದೊಡ್ಡಪ್ಪ: ಈಗ ಆ ಎಡವಟ್ಟು ಬ್ಯಾಡ, ಗೂಗಲ್ ಅಂತ ಹಾಕು.

ಮಗಳು: ಹಾಕಿದ್ರ ಆ ಕಂಪನಿನೇ ಬರ್ತೈತ್ರಿ.

ದೊಡ್ಡಪ್ಪ: ನಾನು ಊರು ಹೇಳಿದೆ. ಇದೇ ದೇವದುರ್ಗ ತಾಲ್ಲೂಕಿನಾಗ, ಕೃಷ್ಣಾ ದಂಡಿಗೆ. ಅಲ್ಲಮಪ್ರಭುವಿನ ಗುಡಿ ಐತಿ. ಹೊಳಿಗೆ ಬ್ಯಾರೇಜ್ ಕಟ್ಟ್ಯಾರ, ಮ್ಯಾಲ ಸೇತುವಿ. ಕಂಪನಿ ಹುಟ್ಟೂಕ್ಕಿಂತ ಎಷ್ಟೋ ಮೊದಲು ಅಲ್ಲಿ ಮಂದಿ ‘ಗೂಗಲ್ಲಿಗೆ ಹೊಂಟೀವಿ’ ಅಂತ ಬಸ್ಸು ಹತ್ತತಿದ್ರು.

ಮಗಳು: ಆ ಕಂಪನಿ ಹೆಸರು ಗೂಗೋಲ್ ಅನ್ನೋ ಅಂಕಿಯಿಂದ ಬಂದದ್ದು. ಒಂದರ ಮುಂದ ನೂರು ಸೊನ್ನಿ. ಲೋಕದ ಎಲ್ಲಾ ಸುದ್ದಿ ಒಂದ ಕಡಿ ತರಬೇಕು ಅನ್ನೋ ಆಸೆಯ ಹೆಸರು.

ದೊಡ್ಡಪ್ಪ: ಆಸೆ ದೊಡ್ಡದು. ನಮ್ಮ ಗೂಗಲ್ಲಿನೋರಿಗೆ ತಿಳಿಯೋದು ಒಂದೇ ಹೊಳಿ. ಆದ್ರ ಆ ಹೊಳಿ ಇವತ್ತು ಎಷ್ಟು ಏರೈತಿ ಅಂತ ನೀರಿನ ಬಣ್ಣ ನೋಡಿ ಹೇಳ್ತಾರ.

(ಹೆದ್ದಾರಿ ಬಿಟ್ಟು ಒಳಗೆ ಬಂದಾಗಿದೆ. ನಾರಾಯಣಪುರ ಬಲದಂಡೆ ಕಾಲುವೆಯ ಒಂದು ಉಪಕಾಲುವೆ. ಅದರ ದಂಡೆಯ ಮೇಲಿನ ಹಾದಿ ಹಿಡಿದರೆ ಆರು ನಿಮಿಷ ಉಳಿತಾಯ ಎಂದು ಫೋನು ತೋರಿಸಿತು. ಮಗಳು ತಿರುಗಿಸಿದಳು. ಕಾಲು ಕಿಲೋಮೀಟರ್ ಹೋಗುವಷ್ಟರಲ್ಲಿ ಮುಂದಿನ ಗಾಲಿ ಎರೆ ಮಣ್ಣಿನಲ್ಲಿ ಹೂತವು. ಹತ್ತಿ ಬಿಡಿಸುತ್ತಿದ್ದ ಹೆಣ್ಣುಮಕ್ಕಳು ಕೂಗಿ ಕರೆದ ಮೇಲೆ ಒಬ್ಬ ಹುಡುಗ ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿ ಎಳೆದ. ದುಡ್ಡು ಕೊಟ್ಟರೆ ಒಲ್ಲೆನೆಂದ. ಮದುವೆಗೆ ಕರೆದರೆ ಬರುತ್ತೇನೆ ಎಂದ. ಅವನಿಗೂ ಒಂದು ಪತ್ರಿಕೆ ಸಂದಿತು.)

ಮಗಳು: ತಪ್ಪು ನನ್ನದು ದೊಡ್ಡಪ್ಪ. ನಿಮ್ಮನ್ನ ಕೇಳಬೇಕಿತ್ತು.

ದೊಡ್ಡಪ್ಪ: ನಾನೂ ಹೇಳಲಿಲ್ಲ. ನಿನ್ನ ಫೋನು ಕರೆಕ್ಟ್ ಹೇಳಿತು, ದಾರಿ ಇಲ್ಲೇ ಐತಿ. ಬ್ಯಾಸಗ್ಯಾಗ ಇದೇ ದಂಡಿ ಮ್ಯಾಲ ಕಾರು ಓಡ್ತಾವ. ನಿನ್ನೆ ರಾತ್ರಿ ಮಳಿ ಬಿತ್ತಲ್ಲ, ಎರೆ ಮಣ್ಣು ಬೆಣ್ಣಿ ಆಗೈತಿ. ಒಣಗಿದಾಗ ಕಲ್ಲಿನಂಗ, ನೆನೆದಾಗ ಗಾಲಿ ನುಂಗೋದು, ಇದು ಆ ಮಣ್ಣಿನ ಗುಣ. ಮಸಬು ಭೂಮಿ ಆಗಿದ್ರ ಏನೂ ಆಗತಿರಲಿಲ್ಲ.

ಮಗಳು: ಉಪಗ್ರಹದ ಚಿತ್ರದಾಗ ಈ ದಂಡಿ ಒಂದು ಬಿಳಿ ಗೆರಿ. ಕಂಪ್ಯೂಟರಿಗೆ ಗೆರಿ ಅಂದ್ರ ರಸ್ತಾ. ಉದ್ದ ಗೊತ್ತು, ಮಣ್ಣು ಗೊತ್ತಿಲ್ಲ, ನಿನ್ನೆ ಮಳಿ ಬಿದ್ದದ್ದು ಗೊತ್ತಿಲ್ಲ. ನೀವು ಮನ್ಯಾಗ ಕೇಳಿದ್ರಲ್ಲ, ಮುಂದಿನ ಜಾಗ ಇವತ್ತು ಹೆಂಗೈತಿ ಅಂತ. ಉತ್ತರ ಆ ಹತ್ತಿ ಹೊಲದಾಗ ಇತ್ತು. ಕಾರು ನಿಲ್ಲಿಸಿ ಗ್ಲಾಸ್ ಇಳಿಸಿದ್ರ ಅರ್ಧ ನಿಮಿಷದ ಮಾತು.

(ಅತ್ತೆಯ ದೊಡ್ಡಿ. ಹದಿನೈದು ಇಪ್ಪತ್ತು ಮನೆ. ಚಹಾ ಆಯಿತು, ಅರಿಷಿಣ ಕುಂಕುಮ ಆಯಿತು, ಪತ್ರಿಕೆ ಕೊಟ್ಟಾಯಿತು. ಕಾರು ಮತ್ತೆ ಹೊರಟಿತು.)

ಮಗಳು: ಫೋನಿನಾಗ ಈ ದೊಡ್ಡಿ ಇಲ್ಲ. ಬರೀ ಹೊಲ ತೋರಸ್ತೈತಿ. ನಾವು ಹೊಲದಾಗ ಕುಂತು ಚಹಾ ಕುಡದಂಗ.

ದೊಡ್ಡಪ್ಪ: ಫೋನಿಗಿಂತ ಮೊದಲು ಸರಕಾರದ ಕಾಗದದಾಗ ಇರಲಿಲ್ಲ. ದನ ಕಟ್ಟಾಕ ಹೊಲದಾಗ ದೊಡ್ಡಿ ಹಾಕಿದ್ರು, ಅಲ್ಲೇ ಮನಿ ಆದವು, ಮಕ್ಕಳು ಮೊಮ್ಮಕ್ಕಳಾದ್ರು. ತಾಂಡಾಗಳ ಕಥಿನೂ ಅದೇ. 2023ರ ಜನವರಿ 19ಕ್ಕ ಮಳಖೇಡದಾಗ ದೊಡ್ಡ ಸಭಾ ಮಾಡಿ ಐವತ್ತು ಸಾವಿರಕ್ಕ ಮಿಕ್ಕಿ ಹಕ್ಕುಪತ್ರ ಕೊಟ್ರಲ್ಲ, ನೆನಪೈತೇನು?

ಮಗಳು: ಓದೀನಿ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ, ಐದು ಜಿಲ್ಲಾದ ಸುಮಾರು 1,475 ವಸತಿಗಳನ್ನ ಕಂದಾಯ ಗ್ರಾಮ ಅಂತ ಘೋಷಿಸಿದ್ರು.

ದೊಡ್ಡಪ್ಪ: ಕಾಗದದಾಗ ಊರು ಹುಟ್ಟಾಕ ಅಷ್ಟು ವರ್ಷ ಹಿಡೀತು. ಹೆಸರಿಲ್ಲದ ಊರಿಗೆ ರಾತ್ರಿ ಹೆಣ್ಣುಮಗಳಿಗೆ ಹೊಟ್ಟಿ ನೋವು ಬಂದ್ರ ಆಂಬುಲೆನ್ಸ್ ಡ್ರೈವರ್ ಏನಂತ ಹುಡುಕಬೇಕು? 108ಕ್ಕ ಫೋನ್ ಮಾಡಿದವರು ‘ದೊಡ್ಡ ಬೇವಿನ ಮರದ ಹತ್ರ ಬರ್ರಿ’ ಅಂತಾರ. ಬೇವಿನ ಮರ ಯಾವ ಹೊಲದಾಗ ಇಲ್ಲ?

(ದೇವದುರ್ಗ ಪಟ್ಟಣದ ಪತ್ರಿಕೆಗಳು ಮುಗಿದವು. ಊರ ಹೊರಗೆ ಹೂವಿನಹೆಡಗಿ ಕಡೆಯ ರಸ್ತೆ ಕಂಡಿತು.)

ದೊಡ್ಡಪ್ಪ: ಈ ರಸ್ತಾದಾಗ ಶಹಾಪುರದ ಮ್ಯಾಲೆ ಕಲಬುರಗಿಗೆ ಎಷ್ಟು ಸಲ ಬಸ್ಸು ಒಯ್ದೀನೋ ಲೆಕ್ಕ ಇಲ್ಲ. ಕೃಷ್ಣಾಕ್ಕ ಹೂವಿನಹೆಡಗಿ ಸೇತುವಿ. 2019ರ ಆಗಸ್ಟಿನಾಗ ನಾರಾಯಣಪುರ ಡ್ಯಾಮಿನಿಂದ 5 ಲಕ್ಷ ಕ್ಯೂಸೆಕ್‌ಗಿಂತ ಹೆಚ್ಚು ನೀರು ಬಿಟ್ರು. ಸೇತುವಿ ಮುಳುಗಿ ಹೋತು. ಈ ಕಡಿ ನಿಂತು ನೋಡಿದ್ರ ಕೆಂಪನೆಯ ನೀರು ಬಿಟ್ರ ಏನೂ ಇಲ್ಲ. ತಿಂಥಣಿ ಬ್ರಿಡ್ಜ್ ಸುತ್ತಿ ಹೋಗಬೇಕು. ನೀರು ಇಳಿದ ಮ್ಯಾಲೂ ಒಮ್ಮೆಲೆ ಗಾಡಿ ಬಿಡೂದಿಲ್ಲ. ಕೆಳಗ ಕಂಬ ಹೆಂಗೈತಿ, ಡಾಂಬರು ಎಲ್ಲಿ ಕಿತ್ತೈತಿ ನೋಡಬೇಕು.

ಮಗಳು: 2024ರ ನವೆಂಬರಿನಾಗ ಉತ್ತರಪ್ರದೇಶದ ಬರೇಲಿ ಹತ್ರ ಮೂರು ಮಂದಿ ಸತ್ರು. ಪ್ರವಾಹಕ್ಕ ಅರ್ಧ ಸೇತುವಿ ಕೊಚ್ಚಿ ಹೋಗಿತ್ತು. ಫೋನಿನ ನಕ್ಷೆಯಾಗ ಸೇತುವಿ ಪೂರಾ ಇತ್ತು, ರಸ್ತಾಕ್ಕ ತಡೆ ಇರಲಿಲ್ಲ. ಕಾರು ರಾಮಗಂಗಾ ಹೊಳಿಗೆ ಬಿತ್ತು. ಅದನ್ನ ಓದಿದ ದಿನ ನನಗ ಈ ಹೂವಿನಹೆಡಗಿ ನೆನಪಾಗಿತ್ತು.

ದೊಡ್ಡಪ್ಪ: ಪಾಪ. ಆ ಸೇತುವಿ ಮುರದದ್ದು ಅಲ್ಲಿ ಸುತ್ತಲಿನ ಹತ್ತು ಹಳ್ಳಿಗೆ ಗೊತ್ತಿದ್ದೇ ಇರ್ತೈತಿ. ಅವರ ತಿಳುವಳಿಕಿ ಆ ಕಾರಿನ ತನಕ ಮುಟ್ಟಲಿಲ್ಲ. ನನಗ ಸಂಕಟ ಆಗೋದು ಅಲ್ಲಿ. ತಿಳಿದೋರು ಇದ್ದಾರ, ತಿಳೀಬೇಕಾದೋರು ಇದ್ದಾರ, ನಡುವ ಮಾತಿಲ್ಲ.

(ಸಿರವಾರ ದಾಟಿತು. ಗದ್ದೆಗಳ ಸೀಮೆ. ಡಾಂಬರು ರಸ್ತೆಯ ಒಂದು ಮಗ್ಗುಲಿನ ಉದ್ದಕ್ಕೂ ಭತ್ತ ಹರವಿದ್ದಾರೆ. ಕಾರು ನಡೆಯುವ ವೇಗಕ್ಕೆ ಬಂತು.)

ಮಗಳು: ಮಾನ್ವಿಗೆ ಇಪ್ಪತ್ತು ನಿಮಿಷ ಅಂತೈತಿ. ಭತ್ತ ಲೆಕ್ಕಕ್ಕಿಲ್ಲ.

ದೊಡ್ಡಪ್ಪ: ನಲವತ್ತು ಹಿಡಿ. ರಾತ್ರಿ ಮಳಿಗೆ ತೋಯ್ದ ಭತ್ತ ಅದು, ಇವತ್ತಿನ ಬಿಸಿಲಿಗೆ ಒಣಗದಿದ್ರ ಮೊಳಕಿ ಬರ್ತೈತಿ. ಅವರ ಇಡೀ ವರ್ಷದ ಅನ್ನ ರಸ್ತಾದ ಮ್ಯಾಲೆ ಐತಿ. ಸಾವಕಾಶ ಹೋಗು, ಕಾಳಿನ ಮ್ಯಾಲೆ ಗಾಲಿ ಹಾಯಿಸಬ್ಯಾಡ.

ಮಗಳು: ಇಲ್ಲಿ ಪತ್ರಿಕಿ ಕೊಡೋದು ಒಂದು ಕ್ಯಾಂಪಿನಾಗ. ಫೋನ್ ಮಾಡಿದಾಗ ಅವರು ಹೇಳಿದ ವಿಳಾಸ ನನಗ ತಿಳೀಲೇ ಇಲ್ಲ. ಮೈಲು, ಉಪಕಾಲುವಿ ನಂಬರು ಅಂತ ಏನೇನೋ ಅಂದ್ರು.

ದೊಡ್ಡಪ್ಪ: ಅದೇ ಇಲ್ಲಿನ ನಕ್ಷಾ ಮಗಳ! ತುಂಗಭದ್ರಾ ಡ್ಯಾಮು 1953ರಾಗ ಮುಗೀತು. ಎಡದಂಡಿ ಕಾಲುವಿ ಅಲ್ಲಿಂದ 227 ಕಿಲೋಮೀಟರ್, ಹಳೇ ಲೆಕ್ಕದಾಗ 141 ಮೈಲು. ಮೈಲಿಗೊಂದು ಗುರುತು. ಇವತ್ತಿಗೂ ನಮ್ಮ ರೈತರು ಕಿಲೋಮೀಟರ್ ಅನ್ನೂದಿಲ್ಲ. ‘104ನೇ ಮೈಲಿನಾಗ ಗೇಜ್ ಎಷ್ಟು ಐತಿ’ ಅಂತ ಕೇಳ್ತಾರ. ಅದರ ಮ್ಯಾಲೆ ತಮ್ಮ ಗದ್ದಿಗೆ ನೀರು ಯಾವಾಗ ಬರ್ತೈತಿ ಅಂತ ಲೆಕ್ಕ. ನೀರು ಬಂದ ಮ್ಯಾಲೆ ಆಂಧ್ರದ ಕರಾವಳಿಯಿಂದ ರೈತರು ಬಂದು ಕ್ಯಾಂಪ್ ಹಾಕಿದ್ರು. ಅವರಿಗೆ ಊರಿನ ಗುರುತು ಕಾಲುವಿನೇ. ಮೈಲು ಹೇಳು, ಉಪಕಾಲುವಿ ನಂಬರು ಹೇಳು, ದಂಡಿ ಎಡಾನೋ ಬಲಾನೋ ಹೇಳು, ಕಣ್ಣು ಕಟ್ಟಿದ್ರೂ ಮನಿ ಬಾಗಲಿಗೆ ಬಿಡ್ತೀನಿ.

ಮಗಳು: ನೀರು ಹರಿಯೋ ದಾರಿಯಿಂದ ಮಂದಿ ಹೋಗೋ ದಾರಿ ಗುರುತು ಹಿಡಿಯೋದು! ಇದು ಯಾವ ನಕ್ಷೆಯಾಗೂ ನಾನು ಕಂಡಿಲ್ಲ.

ದೊಡ್ಡಪ್ಪ: ಈ ಸೀಮಿಯೋರು ಮೊದಲಿಂದ ನಡದವರು. ವಿಜಯದಾಸರು ಇದೇ ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯೋರು. ಜಗನ್ನಾಥದಾಸರು ಬ್ಯಾಗವಾಟದೋರು. ಗೋಪಾಲದಾಸರು ದೇವದುರ್ಗದ ಕಡಿ ಮೊಸರಕಲ್ಲಿನೋರು. ವಿಜಯದಾಸರು ಹೋದ ಹೋದ ಕ್ಷೇತ್ರದ ಮ್ಯಾಲೆ ಸುಳಾದಿ ಮಾಡಿದ್ರು. ಕಾಲ್ನಡಿಗ್ಯಾಗ ಹೋಗೋರು ಪ್ರತಿ ಊರಾಗ ನಾಲ್ಕು ಮಂದೀನ ಕೇಳ್ಕೊಂತ ಹೋಗಬೇಕು. ಕೇಳಿದ್ರ ದಾರಿ ಒಂದೇ ಅಲ್ಲ, ಊರೂ ತಿಳೀತೈತಿ.

(ಮಾನ್ವಿಯ ಕೊನೆಯ ಪತ್ರಿಕೆ ಕೊಟ್ಟು ಹೊರಬಂದಾಗ ಕತ್ತಲಾಗಿತ್ತು. ಮಗಳು ಕಾರು ಚಾಲೂ ಮಾಡಲಿಲ್ಲ. ಫೋನು ಕೈಗೆ ತೆಗೆದುಕೊಂಡಳು.)

ದೊಡ್ಡಪ್ಪ: ರಾಯಚೂರಿಗೆ ನನಗ ದಾರಿ ಗೊತ್ತೈತಿ, ಅದು ಬ್ಯಾಡ.

ಮಗಳು: ದಾರಿ ಕೇಳಾಕ ಅಲ್ರಿ, ಹೇಳಾಕ. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಒಂದು ನಕ್ಷೆ ಐತಿ. 2004ರಾಗ ಇಂಗ್ಲೆಂಡಿನಾಗ ಶುರುವಾದದ್ದು. ಯಾರು ಬೇಕಾದ್ರೂ ತಮ್ಮ ಊರು ಬರೀಬಹುದು. ಕನ್ನಡದ ಹೆಸರಿಗೆ ಬ್ಯಾರೆ ಜಾಗ ಐತಿ. ರಸ್ತಾ ಡಾಂಬರಿನದೋ ಮಣ್ಣಿನದೋ ಬರಿಯಾಕ ಜಾಗ ಐತಿ. ಹೊಳಿ ಬಂದ್ರ ಮುಳುಗೋ ಜಾಗ ಅಂತ ಗುರುತು ಮಾಡಾಕೂ ಐತಿ. ಬ್ಯಾರೆ ಆ್ಯಪಿನಾಗೂ ತಪ್ಪು ತಿದ್ದು, ರಸ್ತಾ ಬಂದ್ ಅಂತ ತಿಳಿಸು ಅನ್ನೋ ಸೌಲಭ್ಯ ಇರ್ತಾವ. ನಾವು ಮುಟ್ಟಿದ ಕೂಡಲೇ ಆ್ಯಪ್ ಮುಚ್ಚತೀವಿ, ತಿಳಿದದ್ದನ್ನ ಹೇಳೂದಿಲ್ಲ.

ದೊಡ್ಡಪ್ಪ: ನಾನು ಹೇಳಿದ್ರ ನೀ ಬರೀತಿಯೇನು? ಮೂವತ್ತು ವರ್ಷದ್ದು ಐತಿ.

ಮಗಳು: ಅದಕ್ಕ ಕಾರು ಚಾಲೂ ಮಾಡಿಲ್ರಿ. ಮೊದಲು ಆ ಕಾಲುವಿ ದಂಡಿ ಹೇಳ್ರಿ.

ದೊಡ್ಡಪ್ಪ: ಬರಿ. ಎರೆ ಮಣ್ಣು. ಡಾಂಬರಿಲ್ಲ. ಮಳಿ ಬಿದ್ರ ಎರಡು ದಿನ ಕಾರು ಹೋಗೂದಿಲ್ಲ. ಹೂವಿನಹೆಡಗಿ ಸೇತುವಿ, ಡ್ಯಾಮಿನ ನೀರು ಬಿಟ್ಟಾಗ ಮುಳುಗತೈತಿ. ಆ ಹೆಸರಿನಾಗ ‘ಹೂ’ ದೀರ್ಘ, ‘ಡ’ ಡಬ್ಬಿಯ ಡ.

ಮಗಳು: ಬರದೆ. ಇನ್ನ ಅತ್ತಿಯ ದೊಡ್ಡಿ. ಹೆಸರು ಹೆಂಗ ಬರೀಲಿ?

ದೊಡ್ಡಪ್ಪ: ನಾನು ಒಂದು ತರ ಅಂತೀನಿ. ಬಸ್ಸಿನ ಬೋರ್ಡಿನಾಗ ಇನ್ನೊಂದು ತರ ಇತ್ತು. ಹಕ್ಕುಪತ್ರದಾಗ ಏನೈತೋ ನೋಡಿಲ್ಲ.

ಮಗಳು: ಹಂಗಾದ್ರ?

ದೊಡ್ಡಪ್ಪ: ನಿಮ್ಮ ಅತ್ತಿಗೆ ಫೋನ್ ಹಚ್ಚು. ಹೆಸರು ಅಲ್ಲಿ ಇರೋರ ಬಾಯಿಂದ ಬರಲಿ. ಕೇಳಿ ಬರಿ.